9.55ರ ಲೆಕ್ಕ: ಐಕಳದ ಒಂದು ಓಟ ಮತ್ತು ಒಂದು "ಬೇಡ"

2020ರ ಫೆಬ್ರವರಿ 1, ಶನಿವಾರ. ದಕ್ಷಿಣ ಕನ್ನಡದ ಕಿನ್ನಿಗೋಳಿ ಹತ್ತಿರದ ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ ಜೋಡುಕರೆ ಕಂಬಳ. ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಒಂದು ಜೋಡಿ ಕೋಣಗಳ ಹಿಂದೆ ಓಡಿದರು. ಆಗ ಅವರಿಗೆ 28 ವರ್ಷ. ಕಂಬಳ ಇಲ್ಲದ ದಿನ ಕಟ್ಟಡ ಕೆಲಸ. ಕರೆಯ, ಅಂದರೆ ಕೋಣ ಓಡುವ ಕೆಸರು ಹಾದಿಯ, ಉದ್ದ 142.5 ಮೀಟರ್, ಗಡಿಯಾರ ತೋರಿಸಿದ್ದು 13.62 ಸೆಕೆಂಡ್.

ಇಷ್ಟೇ ಆಗಿದ್ದರೆ ಮರುದಿನದ ಪೇಪರಿನ ಜಿಲ್ಲಾ ಪುಟದಲ್ಲಿ ಫಲಿತಾಂಶ ಬಂದು ಮುಗಿಯುತ್ತಿತ್ತು. ಆದರೆ ಯಾರೋ ಒಂದು ಗುಣಾಕಾರ ಮಾಡಿದರು. 142.5 ಮೀಟರಿಗೆ 13.62 ಆದರೆ 100 ಮೀಟರಿಗೆ ಎಷ್ಟು? ಮೂರನೆಯ ದಶಮಾಂಶ ಬಿಟ್ಟರೆ 9.55. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಅಂದರೆ ನಮ್ಮ ಊರಿನ ಮನುಷ್ಯ, ಅದೂ ಬರಿಗಾಲಲ್ಲಿ, ಕೆಸರಿನಲ್ಲಿ, ಬೋಲ್ಟ್‌ಗಿಂತ ಜೋರು!

ಮುಂದಿನದ್ದು ಎಲ್ಲರಿಗೂ ಗೊತ್ತಿರುವ ಕಥೆ. ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಉದ್ಯಮಿ ಆನಂದ್ ಮಹೀಂದ್ರಾ ಟ್ವೀಟ್ ಮಾಡಿ ಕ್ರೀಡಾ ಸಚಿವರ ಗಮನ ಸೆಳೆದರು. ಸಚಿವರಾಗಿದ್ದ ಕಿರೆನ್ ರಿಜಿಜು ಫೆಬ್ರವರಿ 15ರಂದು, ಗೌಡರನ್ನು ಕರೆಸಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೋಚ್‌ಗಳಿಂದ ಪರೀಕ್ಷೆ ಮಾಡಿಸುತ್ತೇವೆ ಎಂದರು. ಒಲಿಂಪಿಕ್ಸ್ ಮಟ್ಟ ಏನೆಂಬುದು ಜನರಿಗೆ ಸರಿಯಾಗಿ ಗೊತ್ತಿಲ್ಲ ಎಂಬ ಮಾತನ್ನೂ ಅದೇ ಟ್ವೀಟಿನಲ್ಲಿ ಸೇರಿಸಿದ್ದರು. ಆ ಸಾಲನ್ನು ಯಾರೂ ಓದಲಿಲ್ಲ ಅಂತ ಕಾಣುತ್ತದೆ. ಫೆಬ್ರವರಿ 17ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ಗೌಡರಿಗೆ ಶಾಲು ಹೊದಿಸಿ 3 ಲಕ್ಷ ರೂಪಾಯಿ ಕೊಟ್ಟರು.

ಗೌಡರು ಮಾತ್ರ ಟ್ರ್ಯಾಕಿನ ಪರೀಕ್ಷೆ ಬೇಡ ಎಂದರು.

ಈ "ಬೇಡ"ದ ಬಗ್ಗೆಯೇ ನಾನು ಬರೆಯಹೊರಟಿದ್ದು. ಆಗ ಹಲವರಿಗೆ ಬೇಸರವಾಗಿತ್ತು, ಅವಕಾಶ ಕೈಬಿಟ್ಟರು ಅಂತ. ನನ್ನ ಮಟ್ಟಿಗೆ ಆ ಇಡೀ ಗದ್ದಲದಲ್ಲಿ ಆಟದ ನಿಯಮಕ್ಕೆ ಸರಿಯಾಗಿ ನಡೆದುಕೊಂಡವರು ಅವರೊಬ್ಬರೇ.

ಲೆಕ್ಕ ಎಲ್ಲಿ ತಪ್ಪಿತು

ಮೊದಲು ಅಂಕಿ ನೋಡೋಣ. ಗುಣಾಕಾರದಲ್ಲಿ ತಪ್ಪಿಲ್ಲ, ಹೋಲಿಕೆಯಲ್ಲಿ ತಪ್ಪಿದೆ.

ಯಾವ ಓಟಗಾರನಾದರೂ ನಿಂತಲ್ಲಿಂದ ವೇಗ ಹಿಡಿಯಲು ಸಮಯ ಬೇಕು. 100 ಮೀಟರ್ ಓಟದಲ್ಲಿ ಆ ನಿಧಾನದ ಭಾಗವೇ ದೊಡ್ಡ ಪಾಲು. ಓಟ ಸ್ವಲ್ಪ ಉದ್ದವಾದರೆ ಪೂರ್ತಿ ವೇಗದಲ್ಲಿ ಓಡುವ ದೂರ ಜಾಸ್ತಿಯಾಗುತ್ತದೆ, ಆದ್ದರಿಂದ ಸರಾಸರಿ ಚೆನ್ನಾಗಿ ಕಾಣುತ್ತದೆ. 142.5 ಮೀಟರಿನ ಸರಾಸರಿ ತೆಗೆದು 100 ಮೀಟರ್ ಅಂತ ಹೇಳುವುದು ಆರಂಭದ ನಿಧಾನಕ್ಕೆ ರಿಯಾಯಿತಿ ಕೊಟ್ಟ ಹಾಗೆ.

ಹಾಗಾದರೆ ಸರಿಯಾದ ಹೋಲಿಕೆ ಯಾವುದು? ಅದೂ ಬೋಲ್ಟ್ ಹತ್ತಿರವೇ ಇದೆ. 2009ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಬೀದಿಯಲ್ಲಿ ಹಾಕಿದ ನೇರ ಟ್ರ್ಯಾಕಿನಲ್ಲಿ ಅವರು 150 ಮೀಟರ್ ಓಡಿದರು. 14.35 ಸೆಕೆಂಡ್. ನಮ್ಮ ಗುಣಾಕಾರವನ್ನೇ ಇದಕ್ಕೂ ಹಾಕಿದರೆ 9.56 ಬರುತ್ತದೆ. ಆ ಓಟದ ಕೊನೆಯ 100 ಮೀಟರನ್ನಷ್ಟೇ ಲೆಕ್ಕ ಹಿಡಿದರೆ 8.70. ಅದನ್ನು ಯಾರೂ 100 ಮೀಟರಿನ ವಿಶ್ವದಾಖಲೆ ಅಂತ ಬರೆಯಲಿಲ್ಲ. ಬೋಲ್ಟ್ ಕೂಡ ಕೇಳಲಿಲ್ಲ.

ಸೆಕೆಂಡಿಗೆ ಎಷ್ಟು ಮೀಟರ್ ಅಂತ ನೋಡಿದರೆ ಐಕಳದ್ದು 10.46, ಮ್ಯಾಂಚೆಸ್ಟರಿನದ್ದು 10.45. ಹೆಚ್ಚುಕಡಿಮೆ ಒಂದೇ. ಇದೇನು ಸಣ್ಣ ವಿಷಯವಲ್ಲ. ಆದರೆ ಇಲ್ಲಿ ಮುಂದೆ ಎರಡು ಕೋಣಗಳಿವೆ. ಓಡುವವರ ಕೈಯಲ್ಲಿ ಅವುಗಳಿಗೆ ಕಟ್ಟಿದ ಹಗ್ಗವೋ ನೇಗಿಲೋ ಇದೆ. ಕೋಣ ಎಳೆಯುತ್ತದೆ, ಮನುಷ್ಯ ಅದರ ವೇಗಕ್ಕೆ ಕಾಲು ಹಾಕುತ್ತಾನೆ. ಓಟಗಾರರ ತರಬೇತಿಯಲ್ಲೂ ರಬ್ಬರ್ ಹಗ್ಗ ಕಟ್ಟಿ ಮುಂದಕ್ಕೆ ಎಳೆಸುವ ಪದ್ಧತಿ ಉಂಟು, ಕಾಲು ಬೇಗ ಆಡಲಿ ಅಂತ. ಆಗ ಬರುವ ಸಮಯವನ್ನು ದಾಖಲೆ ಪುಸ್ತಕಕ್ಕೆ ಸೇರಿಸುವುದಿಲ್ಲ. ಇನ್ನೊಂದು ಕಡೆ, ಕೆಸರು ನೀರು ಕಾಲನ್ನು ಹಿಡಿಯುತ್ತದೆ. ಎಳೆತದಿಂದ ಎಷ್ಟು ಲಾಭ, ಕೆಸರಿನಿಂದ ಎಷ್ಟು ನಷ್ಟ ಅಂತ ಯಾರೂ ತೂಗಿ ನೋಡಿಲ್ಲ. ತೂಗದೇ ಹೋಲಿಸಿದರೆ ಅದು ಬರೀ ಹೆಮ್ಮೆ.

ಅಳತೆಯ ವಿಷಯ ಇನ್ನೂ ನಾಜೂಕು. ಬೋಲ್ಟ್ 9.58 ಓಡಿದ ದಿನ ಬೆನ್ನಿಗೆ ಬೀಸುತ್ತಿದ್ದ ಗಾಳಿಯ ವೇಗವನ್ನೂ ಬರೆದಿಟ್ಟಿದ್ದಾರೆ, ಸೆಕೆಂಡಿಗೆ 0.9 ಮೀಟರ್. 2 ಮೀಟರ್ ದಾಟಿದ್ದರೆ ಆ ದಾಖಲೆಯೇ ಇಲ್ಲ. ಪಿಸ್ತೂಲಿನ ಸದ್ದಿಗೂ ಅವರ ಕಾಲು ಕದಲಿದ್ದಕ್ಕೂ ನಡುವಿನ 0.146 ಸೆಕೆಂಡ್ ಕೂಡ ಆ 9.58ರ ಒಳಗೇ ಇದೆ. ಕಂಬಳದಲ್ಲಿ ಪಿಸ್ತೂಲು ಇಲ್ಲ. ಗಂತಿನಲ್ಲಿ, ಅಂದರೆ ಓಟ ಶುರುವಾಗುವ ತುದಿಯಲ್ಲಿ, ಕೋಣ ಬಿಡುವವರು ಇದ್ದಾರೆ. ಕೆರಳಿ ನಿಂತ ಕೋಣಗಳನ್ನು ಸರಿಯಾಗಿ ನಿಲ್ಲಿಸಿ, ಸರಿಯಾದ ಗಳಿಗೆಗೆ ಬಿಡುವುದು ಬೇರೆಯೇ ಒಂದು ವಿದ್ಯೆ.

ಇನ್ನು ಕರೆಯ ಉದ್ದ. ಐಕಳದ ಕರೆ ಹೇಳಿದ್ದಕ್ಕಿಂತ ಅರ್ಧ ಮೀಟರ್ ಕಮ್ಮಿ, ಅಂದರೆ 142 ಮೀಟರ್ ಇದ್ದರೆ ಏನಾಗುತ್ತಿತ್ತು? 9.59. ಬೋಲ್ಟ್‌ಗಿಂತ ಹಿಂದೆ! ದೇಶವೇ ಕುಣಿದಾಡಿದ ಸುದ್ದಿ ನಿಂತಿದ್ದು ಒಂದು ದಾಪುಗಾಲಿಗಿಂತ ಚಿಕ್ಕದಾದ ಅಳತೆಯ ಮೇಲೆ. ಕರೆ ಅಂದರೆ ಸಿಂಥೆಟಿಕ್ ಟ್ರ್ಯಾಕ್ ಅಲ್ಲ. ಅದು ಗದ್ದೆಯ ಮಣ್ಣು. ಪ್ರತಿ ವರ್ಷ ಉಳುತ್ತಾರೆ, ಹದ ಮಾಡುತ್ತಾರೆ, ನೀರು ಬಿಡುತ್ತಾರೆ. ಓಟ ಮುಗಿಯುವ ತುದಿಯಾದ ಮಂಜೊಟ್ಟಿಯ ಇಳಿಜಾರು ನೀರು ಕುಡಿದು ಒಂದಿಷ್ಟು ಜರಿಯುತ್ತದೆ. ಅರ್ಧ ಮೀಟರ್ ಯಾವ ಲೆಕ್ಕ?

ಅದೂ ಅಲ್ಲದೆ ಗಡಿಯಾರ ನಿಲ್ಲಬೇಕಾದದ್ದು ಯಾರು ದಾಟಿದಾಗ? ಟ್ರ್ಯಾಕಿನಲ್ಲಿ ಮನುಷ್ಯನ ಎದೆ ದಾಟಬೇಕು. ಕಂಬಳದಲ್ಲಿ ಪಂದ್ಯ ಇರುವುದೇ ಕೋಣಗಳ ನಡುವೆ. ಮನುಷ್ಯ ಅವುಗಳ ಹಿಂದೆ ಬರುತ್ತಾನೆ.

ಹದಿನೈದು ದಿನದಲ್ಲಿ ಹಳತಾದ ದಾಖಲೆ

ಬೆಂಗಳೂರಿನಲ್ಲಿ ಶಾಲು ಹೊದಿಸುವ ಮೊದಲೇ ಐಕಳದ ಅಂಕಿ ಹಳತಾಗಿತ್ತು. ವೇಣೂರಿನ ಸೂರ್ಯ-ಚಂದ್ರ ಕಂಬಳದಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿ 143 ಮೀಟರ್ ಕರೆಯನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಗುಣಾಕಾರ ಮಾಡಿದರೆ 9.51. ಮರುವರ್ಷ, 2021ರ ಮಾರ್ಚ್‌ನಲ್ಲಿ, ಬಂಟ್ವಾಳ ತಾಲೂಕಿನ ಕಕ್ಯಪದವಿನಲ್ಲಿ ಶ್ರೀನಿವಾಸ ಗೌಡರೇ 125 ಮೀಟರನ್ನು 11.21 ಸೆಕೆಂಡಿನಲ್ಲಿ ಓಡಿದರು ಅಂತ ಸುದ್ದಿ. ಅದರ ಗುಣಾಕಾರ 8.96.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬೋಲ್ಟ್ 9.72ರಿಂದ 9.58ಕ್ಕೆ ಇಳಿಯಲು 2008ರ ಮೇ ಕೊನೆಯಿಂದ 2009ರ ಆಗಸ್ಟ್‌ವರೆಗೆ ಸಮಯ ಹಿಡಿಯಿತು. 0.14 ಸೆಕೆಂಡಿನ ಆ ಇಳಿಕೆಗೇ ಇಡೀ ಜಗತ್ತು ಬಾಯಿಬಿಟ್ಟು ನೋಡಿತು. ನಮ್ಮ ಕರಾವಳಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ತಿಂಗಳುಗಳಲ್ಲಿ 9.55ರಿಂದ 8.96. ಮನುಷ್ಯನ ಕಾಲು ಅಷ್ಟು ಬೇಗ ಬದಲಾಗುವುದಿಲ್ಲ. ಬದಲಾದದ್ದು ಕರೆ, ಕೋಣ, ಗಡಿಯಾರ ಒತ್ತುವ ಜಾಗ. ಯಾರೋ ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಬೇರೆ ಬೇರೆ ಅಳತೆಗೋಲುಗಳನ್ನು ತಂದು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಪ್ರಾಮಾಣಿಕರೂ ಸುಳ್ಳುಗಾರರಂತೆ ಕಾಣುತ್ತಾರೆ.

ಕಂಡದ್ದೂ ಹಾಗೆಯೇ. 2022ರಲ್ಲಿ ಈ ದಾಖಲೆಗಳ ಬಗ್ಗೆಯೇ ಕಂಬಳ ವಲಯದೊಳಗಿನಿಂದ ದೂರು ಎದ್ದು ಪೊಲೀಸ್ ಠಾಣೆಯ ತನಕ ಹೋಯಿತು. ಆರೋಪ ಆರೋಪವೇ, ಅದನ್ನು ಇಲ್ಲಿ ಎಳೆದಾಡುವುದಿಲ್ಲ. ಆದರೆ ಗದ್ದೆಯ ಓಟದ ಸೆಕೆಂಡಿನ ವಿಷಯ ಠಾಣೆಗೆ ಹೋಗುವ ಸ್ಥಿತಿ ಬಂತಲ್ಲ, ಅದು ಆ ಒಂದು ಗುಣಾಕಾರದ ಬಡ್ಡಿ.

ಬೇಡ ಎಂದದ್ದು ಯಾಕೆ

ಗೌಡರು ಕೊಟ್ಟ ಕಾರಣ ಸರಳ. ಕಂಬಳದಲ್ಲಿ ಹಿಮ್ಮಡಿ ಊರಿ ಓಡುತ್ತೇವೆ, ಟ್ರ್ಯಾಕಿನಲ್ಲಿ ಬೆರಳ ತುದಿಯಲ್ಲಿ ಓಡುತ್ತಾರೆ, ಎರಡೂ ಬೇರೆ ಎಂದರು. ವೇಗದಲ್ಲಿ ಕೋಣಗಳ ಪಾಲೂ ಇದೆ ಎಂದರು. ಬೋಲ್ಟ್ ವಿಶ್ವ ಚಾಂಪಿಯನ್, ತಾನು ಕೆಸರು ಗದ್ದೆಯಲ್ಲಿ ಓಡುವವನು ಎಂದರು. ಜೊತೆಗೆ ಕಾಲಿಗೆ ಪೆಟ್ಟಾಗಿತ್ತು, ಕಂಬಳದ ಋತು ಇನ್ನೂ ಮುಗಿದಿರಲಿಲ್ಲ.

ಗಮನಿಸಿ, ನಾನು ಮೇಲೆ ಎರಡು ಪುಟ ಬರೆದು ಹೇಳಿದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಆ ಗಳಿಗೆಯಲ್ಲಿ ಹಾಗೆ ಹೇಳುವುದು ಸುಲಭವಿರಲಿಲ್ಲ. ಸಚಿವರು ಕರೆಯುತ್ತಿದ್ದಾರೆ, ಟಿವಿಯವರು ಬಾಗಿಲಲ್ಲಿ ನಿಂತಿದ್ದಾರೆ, ದೇಶವೇ "ಭಾರತದ ಬೋಲ್ಟ್" ಅನ್ನುತ್ತಿದೆ. ಹೌದು ಅಂದರೆ ಇನ್ನೊಂದು ತಿಂಗಳು ಸುದ್ದಿಯಲ್ಲಿ ಇರಬಹುದು. ತನಗೆ ಬಂದ ಹೊಗಳಿಕೆಯಲ್ಲಿ ಕೋಣಕ್ಕೆ ಪಾಲು ಕೊಟ್ಟು ಹಿಂದೆ ಸರಿಯುವುದನ್ನು ಆಟದಲ್ಲಿ ಪ್ರಾಮಾಣಿಕತೆ ಅನ್ನದೆ ಇನ್ನೇನು ಅನ್ನುವುದು?

ಹೌದು ಅಂದಿದ್ದರೆ ಏನಾಗುತ್ತಿತ್ತು ಎಂಬುದಕ್ಕೂ ಒಂದು ಉದಾಹರಣೆ ಕಣ್ಣೆದುರೇ ಇತ್ತು. 2019ರ ಆಗಸ್ಟ್‌ನಲ್ಲಿ ಮಧ್ಯಪ್ರದೇಶದ ರಾಮೇಶ್ವರ ಗುರ್ಜರ್ ಎಂಬ ಯುವಕ ರಸ್ತೆಯಲ್ಲಿ ಬರಿಗಾಲಲ್ಲಿ 11 ಸೆಕೆಂಡಿಗೆ 100 ಮೀಟರ್ ಓಡಿದ ಅಂತ ವಿಡಿಯೊ ಹರಿದಾಡಿತ್ತು. ಇದೇ ಸಚಿವರು, ಇದೇ ಕ್ರೀಡಾ ಪ್ರಾಧಿಕಾರ. ಭೋಪಾಲಿನಲ್ಲಿ ಪರೀಕ್ಷೆ ಮಾಡಿದಾಗ ಬಂದದ್ದು 12.9, ಆ ಓಟದಲ್ಲಿ ಕೊನೆಯ ಸ್ಥಾನ. ಪಾಪ, ಆ ಹುಡುಗನದ್ದೇನು ತಪ್ಪು? ಗದ್ದಲ ಎಬ್ಬಿಸಿದವರು ಬೇರೆ, ಟ್ರ್ಯಾಕಿನಲ್ಲಿ ಒಂಟಿಯಾಗಿ ನಿಂತವನು ಬೇರೆ. 2020ರಲ್ಲಿ ಭಾರತದ 100 ಮೀಟರ್ ರಾಷ್ಟ್ರೀಯ ದಾಖಲೆ ಅಮಿಯ ಮಲ್ಲಿಕ್ ಹೆಸರಿನಲ್ಲಿದ್ದ 10.26. ಚಿಕ್ಕಂದಿನಿಂದ ಅದನ್ನೇ ಮಾಡಿಕೊಂಡು ಬಂದವರ ಮಟ್ಟ ಅದು. 28ನೇ ವಯಸ್ಸಿನಲ್ಲಿ, ಕಾಲು ನೋವಿನಲ್ಲಿ, ಮೊದಲ ಸಲ ಸ್ಪೈಕ್ಸ್ ಹಾಕಿ ಗೌಡರು ಅಲ್ಲಿ ನಿಂತು ಸೋತಿದ್ದರೆ ಸೋಲು ಅವರೊಬ್ಬರದ್ದಾಗಿ ಉಳಿಯುತ್ತಿರಲಿಲ್ಲ. "ಕಂಬಳದ್ದು ಬರೀ ಬುರುಡೆ" ಅನ್ನುವವರಿಗೆ ಸಾಕ್ಷಿ ಸಿಕ್ಕಿದಂತಾಗುತ್ತಿತ್ತು.

ಉಳಿಸಿಕೊಂಡ ಕಂಬಳ

ಅದು ಯಾಕೆ ದುಬಾರಿಯಾಗುತ್ತಿತ್ತು ಅಂದರೆ, ಕಂಬಳ ಆಗಷ್ಟೇ ದೊಡ್ಡ ಗಂಡಾಂತರದಿಂದ ಪಾರಾಗಿ ಬಂದಿತ್ತು. ಪೂರ್ತಿ ಪಾರಾಗಿರಲೂ ಇಲ್ಲ.

2014ರ ಮೇ 7ರಂದು ಸುಪ್ರೀಂ ಕೋರ್ಟ್ ತಮಿಳುನಾಡಿನ ಜಲ್ಲಿಕಟ್ಟು ನಿಲ್ಲಿಸಿತು. ಆ ತೀರ್ಪಿನ ಬಿಸಿ ಕರಾವಳಿಗೂ ತಟ್ಟಿತು. 2016ರ ನವೆಂಬರ್‌ನಲ್ಲಿ ಪ್ರಾಣಿದಯಾ ಸಂಸ್ಥೆ ಪೇಟಾದ ಅರ್ಜಿಯ ಮೇಲೆ ಹೈಕೋರ್ಟ್ ಕಂಬಳಕ್ಕೆ ತಡೆ ಕೊಟ್ಟಿತು. 2017ರ ಜನವರಿಯಲ್ಲಿ ಚೆನ್ನೈಯ ಮರೀನಾ ಬೀಚಿನಲ್ಲಿ ಜಲ್ಲಿಕಟ್ಟಿಗಾಗಿ ಜನ ಸೇರಿದಾಗ ಇಲ್ಲೂ ಕೂಗು ಎದ್ದಿತು. ಫೆಬ್ರವರಿ 13ರಂದು ವಿಧಾನಸಭೆ ತಿದ್ದುಪಡಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರ ಕೇಂದ್ರ ಕಾಯ್ದೆ. ರಾಜ್ಯ ಅದನ್ನು ಬದಲಿಸಬೇಕಾದರೆ ರಾಷ್ಟ್ರಪತಿಗಳ ಅಂಕಿತ ಬೇಕು. ಹಾಗಾಗಿ ಅಲ್ಲಿ ಇಲ್ಲಿ ಓಡಾಡಿ, ನಡುವೆ ಸುಗ್ರೀವಾಜ್ಞೆ ಬಂದು, ಹೊಸ ಮಸೂದೆ ಬಂದು, ಕೊನೆಗೆ 2018ರ ಫೆಬ್ರವರಿಯಲ್ಲಿ ಅಂಕಿತ ಬಿತ್ತು. ಅದರ ವಿರುದ್ಧವೂ ಮತ್ತೆ ಅರ್ಜಿ. ಐಕಳದ ಓಟ ನಡೆದಾಗ ಆ ಪ್ರಕರಣ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಬಾಕಿ ಇತ್ತು. ತೀರ್ಪು ಬಂದದ್ದು 2023ರ ಮೇ 18ರಂದು. ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ಕಾನೂನುಗಳನ್ನು ಎತ್ತಿಹಿಡಿಯಿತು.

ಊರಿನಲ್ಲಿ ಪಟಾಕಿ ಹೊಡೆದರು. "ಸಂಸ್ಕೃತಿ ಗೆದ್ದಿತು" ಅಂತ ಬ್ಯಾನರ್ ಹಾಕಿದರು. ಆದರೆ ತೀರ್ಪಿನಲ್ಲಿ ಇದ್ದದ್ದು ಅಷ್ಟು ಸಲೀಸಲ್ಲ. ಒಂದು ಆಟ ನಾಡಿನ ಸಂಸ್ಕೃತಿಯ ಭಾಗವೋ ಅಲ್ಲವೋ ಎಂದು ತೀರ್ಮಾನಿಸಬೇಕಾದದ್ದು ಶಾಸನ ಸಭೆ, ಕೋರ್ಟ್ ಅಲ್ಲ ಎಂದಿತು ಪೀಠ. ಹೊಸ ಕಾನೂನಿನಿಂದ ಪ್ರಾಣಿಗಳಿಗೆ ಆಗುವ ನೋವು ತುಂಬ ಕಮ್ಮಿಯಾಗುತ್ತದೆ ಎಂಬುದನ್ನು ನಂಬಿ ಒಪ್ಪಿಗೆ ಕೊಟ್ಟಿತು. ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಅದಕ್ಕೆ ಜಿಲ್ಲಾಧಿಕಾರಿಗಳು ಮತ್ತು ಸಂಬಂಧಪಟ್ಟ ಅಧಿಕಾರಿಗಳು ಹೊಣೆ ಎಂದೂ ಸೇರಿಸಿತು.

ಅಂದರೆ ಕಂಬಳ ಇವತ್ತು ನಿಂತಿರುವುದು ನಿಯಮದ ಮೇಲೆ. ಹಳತು ಎಂಬ ಕಾರಣಕ್ಕೆ ಅದನ್ನು ಸುಮ್ನೆ ಬಿಟ್ಟದ್ದಲ್ಲ. ಕಂಬಳ ಪ್ರೇಮಿಗಳಿಗೆ ಈ ಮಾತು ಅಷ್ಟು ಇಷ್ಟವಾಗುವುದಿಲ್ಲ, ನನಗೆ ಗೊತ್ತು. "ಕೋಣಗಳನ್ನು ನಾವು ಮಕ್ಕಳ ಹಾಗೆ ಸಾಕುತ್ತೇವೆ" ಅನ್ನುತ್ತಾರೆ. ಅದು ನಿಜವೂ ಹೌದು. ಹುರುಳಿ ಬೇಯಿಸಿ ಹಾಕುವುದು, ಎಣ್ಣೆ ಹಚ್ಚಿ ತಿಕ್ಕುವುದು, ಈಜಿಸುವುದು, ಹಟ್ಟಿಯಲ್ಲಿ ಫ್ಯಾನ್ ಹಾಕುವುದು ಎಲ್ಲ ನೋಡಿದ್ದೇನೆ. ವರ್ಷದ ಉಳಿದ ದಿನ ಅಷ್ಟು ಪ್ರೀತಿ ಮಾಡಿದವರೇ ಕರೆಯ ದಿನ ನಾಗರಬೆತ್ತ ಎತ್ತುವುದನ್ನೂ ನೋಡಿದ್ದೇನೆ. ಹೊಡೆತ ಮೊದಲಿಗಿಂತ ಕಮ್ಮಿಯಾಗಿದೆ. ನಿಂತಿಲ್ಲ. ಪಕ್ಕದ ಕರೆಯ ಜೋಡಿ ಅರ್ಧ ಕೋಣದಷ್ಟು ಮುಂದೆ ಹೋದರೆ ಕೈ ತಾನಾಗಿ ಏಳುತ್ತದೆ. ನಿಯಮ ಇರುವುದೇ ಆ ಗಳಿಗೆಗೆ.

ಹಳತೆಲ್ಲ ಉಳಿಸಬೇಕಾದದ್ದೇ ಎಂದು ಯಾರಾದರೂ ವಾದಿಸಿದರೆ ನಾನು ಇನ್ನೊಂದು ಕಾನೂನು ತೋರಿಸುತ್ತೇನೆ. ಕರಾವಳಿಯ ಕೊರಗ ಬುಡಕಟ್ಟಿನವರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಿ 2000ದಲ್ಲಿ ಕರ್ನಾಟಕ ಒಂದು ಕಾಯ್ದೆ ಮಾಡಿತು. ಅಜಲು ಅಂದರೆ ಏನು ಎಂದು ವಿವರಿಸುವಾಗ ಅದರಲ್ಲಿ ಒಂದು ಅಂಶ ಬರುತ್ತದೆ: ಕಂಬಳ ಶುರುವಾಗುವ ಮೊದಲು ಕೊರಗರನ್ನು ಕೋಣಗಳಂತೆ ಓಡಿಸುವುದು. ಹೌದು, ಅದೂ ಸಂಪ್ರದಾಯವೇ ಆಗಿತ್ತು. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬಳಿ ಚಳಿಯಲ್ಲಿ ಅವರನ್ನು ಕೂರಿಸುವ ಪನಿಕುಲ್ಲುನೆಯೂ ಸಂಪ್ರದಾಯವಾಗಿತ್ತು. ಅದನ್ನೆಲ್ಲ ತೆಗೆದು ಹಾಕಿದ ಮೇಲೂ ಕಂಬಳ ಕಂಬಳವೇ ಆಗಿ ಉಳಿದಿದೆ, ಅಲ್ವಾ? ಬೆತ್ತ ಇಳಿಸಿದರೆ ಕಂಬಳದ ಜೀವವೇ ಹೋಗುತ್ತದೆ ಅನ್ನುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಕಂಬಳದ ಒಳಗಿನ ನ್ಯಾಯ

ಟ್ರ್ಯಾಕಿನ ಅಳತೆ ಕಂಬಳಕ್ಕೆ ಹೊಂದುವುದಿಲ್ಲ ಅಂದ ಮಾತ್ರಕ್ಕೆ ಕಂಬಳಕ್ಕೆ ತನ್ನದೇ ಅಳತೆ ಇಲ್ಲ ಅಂತಲ್ಲ. ಹೊರಗಿನವರಿಗೆ ಕಾಣದೇ ಹೋಗುವುದು ಇದೇ.

ಜೋಡುಕರೆ ಅನ್ನುವ ಹೆಸರಿನಲ್ಲೇ ನಿಯಮ ಇದೆ. ಪಕ್ಕಪಕ್ಕದಲ್ಲಿ ಎರಡು ಕರೆ, ಒಂದೇ ನೀರು, ಒಂದೇ ಮಣ್ಣು, ಒಂದೇ ಹೊತ್ತು. ಎರಡು ಜೋಡಿಗಳಲ್ಲಿ ಮಂಜೊಟ್ಟಿಗೆ ಮೊದಲು ಮುಟ್ಟಿದ ಜೋಡಿ ಮುಂದಿನ ಸುತ್ತಿಗೆ. ಎದುರಾಳಿ ಪಕ್ಕದಲ್ಲೇ ಇರುವಾಗ ಎಷ್ಟು ಸೆಕೆಂಡ್ ಎಂಬ ಪ್ರಶ್ನೆಯೇ ಅಷ್ಟಾಗಿ ಬೇಕಿಲ್ಲ. ಊರಿಂದ ಊರಿಗೆ ಕರೆಯ ಉದ್ದ ಬೇರೆಯಾದರೂ ಯಾರಿಗೂ ಅನ್ಯಾಯವಾಗುವುದಿಲ್ಲ.

ವಿಭಾಗಗಳನ್ನು ನೋಡಿ. ಹೊಸದಾಗಿ ಪಳಗುತ್ತಿರುವ ಕೋಣಗಳಿಗೆ ನೇಗಿಲು, ಅದರಲ್ಲೂ ಹಿರಿಯ, ಕಿರಿಯ. ಅನುಭವಿಗಳಿಗೆ ಹಗ್ಗ. ಅಡ್ಡ ಹಲಗೆಯಲ್ಲಿ ಓಡಿಸುವವರು ಹಲಗೆಯ ಮೇಲೆ ನಿಂತೇ ಹೋಗಬೇಕು. ಕನೆಹಲಗೆ ಅಂತೂ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ ವೇಗಕ್ಕೆ ಬಹುಮಾನ ಇಲ್ಲ! ತೂತಿರುವ ಹಲಗೆಯ ಮೇಲೆ ಒಂದು ಕಾಲಿಟ್ಟು ಹೋಗುವಾಗ ನೀರು ಕಾರಂಜಿಯಂತೆ ಚಿಮ್ಮಬೇಕು. ಕರೆಗೆ ಅಡ್ಡವಾಗಿ ಮೇಲೆ ಕಟ್ಟಿದ ಬಟ್ಟೆಯ ನಿಶಾನೆಗೆ ನೀರು ಮುಟ್ಟಬೇಕು, ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ. ಬಟ್ಟೆ ಒದ್ದೆಯಾಯಿತೋ ಇಲ್ಲವೋ, ಅಷ್ಟೇ ಲೆಕ್ಕ. ಇದನ್ನು 100 ಮೀಟರಿಗೆ ಹೇಗೆ ಗುಣಿಸುತ್ತೀರಿ?

ಕಾಲ ಬದಲಾದ ಹಾಗೆ ಕಂಬಳದವರೂ ಬದಲಾಗಿದ್ದಾರೆ. ಮೊದಲು ಮಂಜೊಟ್ಟಿಯಲ್ಲಿ ನಿಂತ ತೀರ್ಪುಗಾರರ ಕಣ್ಣೇ ಕೊನೆಯ ಮಾತು. ಜಗಳ ಆಗದ ಕಂಬಳ ಅಪರೂಪ. ಈಗ ಲೇಸರ್ ಕಿರಣ ಬಂದಿದೆ, ವಿಡಿಯೊ ಬಂದಿದೆ. ಓಡಿಸುವವರಿಗೆ ತರಬೇತಿ ಕೊಡಲು 2011ರಲ್ಲಿ ಗುಣಪಾಲ ಕಡಂಬರ ಮುಂದಾಳತ್ವದಲ್ಲಿ ಅಕಾಡೆಮಿ ಶುರುವಾಯಿತು. ಶ್ರೀನಿವಾಸ ಗೌಡರೂ ಅಲ್ಲಿ ಕಲಿತವರು. ಈ ಲೇಸರ್ ಗಡಿಯಾರ ಬಂದದ್ದು ಯಾವ ಜೋಡಿ ಮುಂದೆ ಎಂಬ ಜಗಳ ಬಗೆಹರಿಸಲು. ಅದು ಚೆನ್ನಾಗಿ ಕೆಲಸ ಮಾಡಿದೆ. ಆದರೆ ಗಡಿಯಾರ ಬಂದ ಮೇಲೆ ಸೆಕೆಂಡಿನ ಅಂಕಿಯೂ ಬಂತು, ಅಂಕಿ ಬಂದ ಮೇಲೆ ಗುಣಾಕಾರವೂ ಬಂತು.

ನನ್ನ ಕೈಯಲ್ಲಿದ್ದರೆ ಮೂರು ಕೆಲಸ ಮಾಡುತ್ತಿದ್ದೆ. ಋತು ಶುರುವಾಗುವ ಮೊದಲು ಪ್ರತಿ ಕರೆಯನ್ನೂ ಸ್ಟೀಲ್ ಟೇಪ್ ಹಿಡಿದು ಅಳೆದು, ಗಂತು ಮತ್ತು ಮಂಜೊಟ್ಟಿಯಲ್ಲಿ ಗುರುತು ಹಾಕಿ, ಅದನ್ನು ಫಲಿತಾಂಶದ ಪಟ್ಟಿಯಲ್ಲೇ ಬರೆಯುವುದು. ಸಮಯ ಹೇಳುವಾಗ ಕರೆಯ ಹೆಸರು ಹೇಳಿಯೇ ಹೇಳುವುದು, "ಐಕಳದ ಕರೆಯಲ್ಲಿ 13.62" ಅಂತ. ಐಕಳದ್ದನ್ನು ಮುಂದಿನ ವರ್ಷದ ಐಕಳದ ಜೊತೆ ಮಾತ್ರ ಹೋಲಿಸುವುದು. ಮೂರನೆಯದು, ಸೆಕೆಂಡು ಎಣಿಸುವ ಅದೇ ಕ್ಯಾಮೆರಾದಲ್ಲಿ ಬೆತ್ತದ ಏಟನ್ನೂ ಎಣಿಸುವುದು. ಮಿತಿ ದಾಟಿದರೆ ಮೊದಲು ಮುಟ್ಟಿದ್ದರೂ ಆ ಜೋಡಿ ಔಟ್. ಮೊದಲಿನ ಎರಡಕ್ಕೆ ಯಾರೂ ಬೇಡ ಅನ್ನಲಿಕ್ಕಿಲ್ಲ. ಮೂರನೆಯದನ್ನು ಕೆಲವು ಯಜಮಾನರ ಎದುರು ಹೇಳಿ ನೋಡಿದ್ದೇನೆ. ನಕ್ಕು ಚಹಾ ಕೊಡುತ್ತಾರೆ, ಮಾತು ಬದಲಿಸುತ್ತಾರೆ.

2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೊದಲ ಸಲ ಕಂಬಳ ನಡೆದಾಗ ಕೋಣಗಳು ಲಾರಿಯಲ್ಲಿ ಘಾಟಿ ಹತ್ತಿ ಬಂದವು. ಜನಸಾಗರ. ಕಂಬಳವನ್ನು ಮೊದಲ ಸಲ ನೋಡುತ್ತಿದ್ದವರೇ ಜಾಸ್ತಿ. ಅವರಲ್ಲಿ ಅನೇಕರು ಕೇಳುತ್ತಿದ್ದದ್ದು ಒಂದೇ, "ಆ ಬೋಲ್ಟ್ ಯಾರು? ಯಾವಾಗ ಓಡುತ್ತಾರೆ?"

ಊರಿನ ಕಂಬಳದಲ್ಲಿ ಹಾಗೆ ಕೇಳುವುದಿಲ್ಲ. ಮೈಕಿನಲ್ಲಿ ಮೊದಲು ಬರುವುದು ಮನೆಯ ಹೆಸರು, ಆಮೇಲೆ ಯಜಮಾನರ ಹೆಸರು, ಆಮೇಲೆ ಜೋಡಿ 'ಎ'ಯೋ 'ಬಿ'ಯೋ ಅಂತ. ಓಡಿಸಿದವರ ಹೆಸರು ಕೊನೆಗೆ. ಇದರಲ್ಲೂ ಒಂದು ಅನ್ಯಾಯ ಉಂಟು, ಮೈಮುರಿದು ಓಡಿದವನಿಗಿಂತ ಹಟ್ಟಿಯ ಒಡೆಯನಿಗೆ ಮರ್ಯಾದೆ ಮೊದಲು. ಚಿನ್ನದ ಪವನು ಹೋಗುವುದೂ ಮನೆಗೆ. ಐಕಳದ ಗದ್ದಲ ಕಂಬಳಕ್ಕೆ ಮಾಡಿದ ಒಂದು ಒಳ್ಳೆಯ ಕೆಲಸ ಅಂದರೆ ಓಡಿಸುವವರ ಹೆಸರು ಮುಂದಕ್ಕೆ ಬಂದದ್ದು.

ಐಕಳದ ಓಟ ನಡೆದ 2020ರಲ್ಲೇ ಇನ್ನೊಂದು ಕಂಬಳದಲ್ಲಿ, ರಾತ್ರಿ ಎರಡು ಗಂಟೆಯ ಹೊತ್ತಿಗೆ, ಮಂಜೊಟ್ಟಿಯ ಬದಿಯಲ್ಲಿ ಒಬ್ಬ ಹಿರಿಯರ ಪಕ್ಕ ಕೂತಿದ್ದೆ. ತಲೆಗೆ ಮುಂಡಾಸು, ಕೈಯಲ್ಲಿ ಮಡಚಿದ ಪೇಪರ್. ಅದರಲ್ಲಿ 9.55 ಅಂತ ದೊಡ್ಡದಾಗಿ ಇತ್ತು.

"ಎಂತ ಮಾರಾಯ್ರೆ ಇದು?" ಎಂದರು. "ಮನುಷ್ಯನ ಸೆಕೆಂಡ್ ಹಾಕಿದ್ದಾರೆ. ಕೋಣಗಳ ಹೆಸರು ಎಲ್ಲಿ ಉಂಟು?"

ನಾನು ಪೇಪರ್ ತೆಗೆದುಕೊಂಡು ಮೇಲಿಂದ ಕೆಳಗೆ ಹುಡುಕಿದೆ. ಇರಲಿಲ್ಲ.

"ನಿಮಗೆ ಗೊತ್ತುಂಟಾ ಅಣ್ಣ?" ಎಂದೆ.

"ಗೊತ್ತಿಲ್ಲದೆ?" ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಗಂತಿನಲ್ಲಿ ಕೋಣ ಬಿಟ್ಟರು. ಇಬ್ಬರೂ ಎದ್ದು ನಿಂತೆವು.